ಗ್ರಾಫಿನ ಗೆರೆ ಮಟ್ಟಸವಾಗಿದೆ, ಸರಿ. ನೀವು ನಿಂತಿರುವುದು ಎಲ್ಲಿ?

ಶಿಕ್ಷಣ ಬಜೆಟ್‌ಗಳ ಲೆಕ್ಕ ನೋಡುವುದು, ಅದನ್ನು ಅಧಿಕಾರಿಗಳಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಪ್ರತಿ ತರಬೇತಿಯಲ್ಲೂ ಊಟದ ವಿರಾಮಕ್ಕೇ ಕಾದಿದ್ದು ಹತ್ತಿರ ಬರುವವರು ಒಬ್ಬರಾದರೂ ಇರುತ್ತಾರೆ. ಮೊಬೈಲಿನಲ್ಲಿ ಒಂದು ಗ್ರಾಫ್ ಇರುತ್ತದೆ. ಅಡ್ಡಕ್ಕೆ ಒಂದೊಂದು ದೇಶ ಮಗುವೊಂದರ ಮೇಲೆ ಮಾಡುವ ಖರ್ಚು, ಉದ್ದಕ್ಕೆ ಪಿಸಾ ಪರೀಕ್ಷೆಯ ಅಂಕ. ಪಿಸಾ ಅಂದರೆ ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆ. ಬಲತುದಿಯ ಚುಕ್ಕೆಯ ಮೇಲೆ ಬೆರಳಿಟ್ಟು, "ಲಕ್ಸೆಂಬರ್ಗ್ ನೋಡಿ ಸರ್. ಎಲ್ಲರಿಗಿಂತ ಜಾಸ್ತಿ ಸುರೀತಾರೆ. ಅಂಕ ನೋಡಿ. ದುಡ್ಡಿಗೂ ಕಲಿಕೆಗೂ ಸಂಬಂಧ ಇಲ್ಲ ಅಂತ ಆಯ್ತಲ್ಲ?" ಅನ್ನುತ್ತಾರೆ.

ಅಂಕಿಗಳೇನೋ ಸುಳ್ಳಲ್ಲ. 2018ರ ಗಣಿತದಲ್ಲಿ ಲಕ್ಸೆಂಬರ್ಗ್‌ಗೆ 483, ಅದರ ಅರ್ಧದಷ್ಟೂ ಖರ್ಚು ಮಾಡದ ಎಸ್ಟೋನಿಯಕ್ಕೆ 523. ಆದರೆ ಲಕ್ಸೆಂಬರ್ಗ್‌ನ ಆ ಹದಿನೈದರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಲಸೆ ಬಂದ ಕುಟುಂಬದವರು. ಅಲ್ಲಿ ಮಗು ಮೊದಲು ಲಕ್ಸೆಂಬರ್ಗಿಷ್ ಆಡುತ್ತದೆ, ಓದು ಬರಹ ಕಲಿಯುವುದು ಸಾಮಾನ್ಯವಾಗಿ ಜರ್ಮನ್‌ನಲ್ಲಿ, ದೊಡ್ಡ ತರಗತಿಗೆ ಬಂದರೆ ಫ್ರೆಂಚ್. ಮನೆಯಲ್ಲಿ ಪೋರ್ಚುಗೀಸ್ ಇದ್ದರೆ ಅದು ಬೇರೆ. ಮೇಷ್ಟ್ರುಗಳ ಸಂಬಳವೂ ಶ್ರೀಮಂತ ದೇಶಗಳಲ್ಲೇ ಎತ್ತರದ್ದು. ಇಷ್ಟನ್ನೆಲ್ಲ ಒಂದು ಚುಕ್ಕೆ ಹೇಳಲಾರದು. ಇರಲಿ, ಅದು ನನ್ನ ಮುಖ್ಯ ತಕರಾರಲ್ಲ.

ತಕರಾರು ಇರುವುದು ಆ ಚುಕ್ಕೆಗಳ ನಡುವೆ ಎಳೆದ ಗೆರೆಯ ಬಗ್ಗೆ. ಪಿಸಾ 2022ರ ವರದಿ ಮಗುವಿನ ಆರರಿಂದ ಹದಿನೈದರ ವಯಸ್ಸಿನವರೆಗಿನ ಒಟ್ಟು ಖರ್ಚನ್ನು ಕೂಡಿಸಿ ನೋಡುತ್ತದೆ. ಕೊಳ್ಳುವ ಶಕ್ತಿಗೆ, ಅಂದರೆ ಆಯಾ ದೇಶದ ಬೆಲೆಗಳಿಗೆ, ಹೊಂದಿಸಿದ ಲೆಕ್ಕದಲ್ಲಿ ಸುಮಾರು 75,000 ಡಾಲರ್ ತಲುಪುವವರೆಗೆ, ಹೆಚ್ಚು ಖರ್ಚು ಮಾಡುವ ದೇಶದ ಅಂಕವೂ ಹೆಚ್ಚಿರುತ್ತದೆ. ಅಲ್ಲಿಂದಾಚೆ ಗೆರೆ ಮಟ್ಟಸ. ಜನ ನೆನಪಿಟ್ಟುಕೊಳ್ಳುವುದು ಎರಡನೆಯ ಮಾತನ್ನು ಮಾತ್ರ. ಮೊದಲನೆಯದು ಕಿವಿಗೇ ಬಿದ್ದಿರುವುದಿಲ್ಲ.

ಆ ಮೊತ್ತವನ್ನು ಹತ್ತು ವರ್ಷಕ್ಕೆ ಹಂಚಿ. ಮಗುವಿಗೆ ವರ್ಷಕ್ಕೆ 7,500 ಡಾಲರ್. ನಿಮ್ಮ ದೇಶದ ಖರ್ಚು ಇದರ ನಾಲ್ಕನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಹಾಗಿದ್ದರೆ ನೀವಿರುವುದು ಏರಿನ ಬುಡದಲ್ಲಿ. ಗೆರೆ ಮೇಲೆ ಮಟ್ಟಸವಾಗಿದೆಯೋ ಇಳಿದಿದೆಯೋ ನಿಮಗೆ ಸಂಬಂಧವೇ ಇಲ್ಲ. ನಾನು ಇದನ್ನು ಹಾಳೆಯ ಮೇಲೆ ಬರೆದು, ಅವರದೇ ಬೆರಳು ಹಿಡಿದು ಎಡಕ್ಕೆ ಎಳೆದು ತೋರಿಸುತ್ತೇನೆ. ಆಗಲೂ ಕೆಲವರು, "ಆದ್ರೂ ಲಕ್ಸೆಂಬರ್ಗ್..." ಅನ್ನುತ್ತಾರೆ. ಒಮ್ಮೆ ಒಬ್ಬ ಹಿರಿಯ ಅಧಿಕಾರಿಗೆ, "ನಿಮ್ಮ ದೇಶದ ಚುಕ್ಕೆ ಎಲ್ಲಿದೆ ತೋರಿಸಿ" ಅಂದೆ. ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ ಹುಡುಕಿದರು. ಅದು ಶ್ರೀಮಂತ ದೇಶಗಳದ್ದಷ್ಟೇ ಗ್ರಾಫ್. ಅವರ ದೇಶ ಅದರಲ್ಲಿ ಇರಲೇ ಇಲ್ಲ!

ಇಷ್ಟಾದ ಮೇಲೆ ವಿಯೆಟ್ನಾಂ ಬರುತ್ತದೆ. 2022ರ ಗಣಿತದಲ್ಲಿ ವಿಯೆಟ್ನಾಂಗೆ 469, ಅಮೆರಿಕಕ್ಕೆ 465. "ಬಡ ದೇಶ, ದುಡ್ಡಿಲ್ಲದೆ ಸಾಧಿಸಿತು" ಎಂಬ ವಾದ. ಪರೀಕ್ಷೆ ಶಾಲೆಯಲ್ಲಿ ಉಳಿದ ಮಕ್ಕಳಿಗೆ ಮಾತ್ರ. ಅಲ್ಲಿನ ಆ ವಯಸ್ಸಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಲೆಕ್ಕಕ್ಕೇ ಸಿಕ್ಕಿಲ್ಲ. ಜೊತೆಗೆ, ಸರ್ಕಾರಿ ಬಜೆಟ್ಟಿನ ಕನಿಷ್ಠ ಶೇ. 20 ಶಿಕ್ಷಣಕ್ಕೆ ಹೋಗಬೇಕೆಂದು ಅವರ ಕಾನೂನೇ ಹೇಳುತ್ತದೆ. ಸಾಧನೆ ದೊಡ್ಡದೇ, ನಾನು ಕಡಿಮೆ ಮಾಡುತ್ತಿಲ್ಲ. ಅದನ್ನು ದುಡ್ಡಿಲ್ಲದ ಪವಾಡ ಅನ್ನಬೇಡಿ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಇಂಥ ಗ್ರಾಫ್‌ನಿಂದ, ಗೆರೆ ಏರಲಿ ಬಿಡಲಿ, "ಖರ್ಚು ಹೆಚ್ಚಿಸಿದರೆ ಏನಾಗುತ್ತದೆ" ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ದೇಶ ದೇಶಕ್ಕೂ ನೂರು ವ್ಯತ್ಯಾಸ. ಉತ್ತರ ಬೇಕಿದ್ದರೆ ಒಂದೇ ಕಡೆ ಖರ್ಚು ಬದಲಾದಾಗ ಏನಾಯಿತು ಎಂದು ನೋಡಬೇಕು. ಅಮೆರಿಕದಲ್ಲಿ 1970ರ ದಶಕದಿಂದ ಕೋರ್ಟು ತೀರ್ಪುಗಳಿಂದಾಗಿ ಕೆಲವು ಜಿಲ್ಲೆಗಳ ಶಾಲಾ ಖರ್ಚು ಏರಿತು. ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಮತ್ತು ಸಂಗಡಿಗರು ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಎಂದು ಬೆನ್ನುಹತ್ತಿ 2016ರಲ್ಲಿ ಪ್ರಕಟಿಸಿದರು: ಹನ್ನೆರಡು ವರ್ಷವೂ ಖರ್ಚು ಶೇ. 10 ಹೆಚ್ಚಿದ್ದರೆ, ಮುಂದೆ ಸಂಬಳ ಸುಮಾರು ಶೇ. 7 ಹೆಚ್ಚು. ಬಡ ಮನೆಯ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ.

ಹಾಗೆಂದು ಚೆಕ್ ಬರೆದರೆ ಕೆಲಸ ಮುಗಿಯಿತೆಂದೂ ಅಲ್ಲ. ಇಂಡೊನೇಷ್ಯ 2005ರ ಕಾನೂನಿನ ಮೂಲಕ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನ ದುಪ್ಪಟ್ಟಾಗುವಂತೆ ಮಾಡಿತು. ಶಿಕ್ಷಕರಿಗೆ ನೆಮ್ಮದಿ ಸಿಕ್ಕಿತು, ಎರಡನೆಯ ಕೆಲಸ ಬಿಟ್ಟವರೂ ಉಂಟು. ಮಕ್ಕಳ ಅಂಕ ಕದಲಲಿಲ್ಲ. 1990ರ ದಶಕದಲ್ಲಿ ಪಶ್ಚಿಮ ಕೀನ್ಯದ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿದಾಗಲೂ ಹೀಗೇ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹಳ ಮಕ್ಕಳಿಗೆ ಅದು ಮೂರನೆಯ ಭಾಷೆ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಉಪಯೋಗವಾಯಿತು. ಮಿಕ್ಕವರ ಕೈಯಲ್ಲಿ ಹೊಸ ಪುಸ್ತಕ ಇತ್ತು, ಓದಲು ಬರುತ್ತಿರಲಿಲ್ಲ. ಈ ಎರಡನ್ನೂ ನಾನೇ ಹೇಳುತ್ತೇನೆ, ಯಾರೂ ಕೇಳುವ ಮೊದಲೇ. ಮುಚ್ಚಿಟ್ಟರೆ ನನ್ನ ಉಳಿದ ಮಾತನ್ನೂ ನಂಬುವುದಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಬಜೆಟ್ ಹಾಳೆಯಲ್ಲಿ "ಪುಸ್ತಕ" ಎಂಬ ಸಾಲು ನೋಡಿದಾಗಲೆಲ್ಲ ಯಾವ ಭಾಷೆಯದು ಎಂದು ಕೇಳುವುದನ್ನು ನಾನು ಕಲಿತದ್ದೇ ಅಲ್ಲಿಂದ.

ಚುಕ್ಕೆ ಹುಡುಕಿದ ಆ ಹಿರಿಯರು ಈಗಲೂ ಆಗಾಗ ಲೆಕ್ಕದ ಹಾಳೆ ಕಳಿಸುತ್ತಾರೆ. ಕಳೆದ ಸಲದ್ದರಲ್ಲಿ ಒಂದು ಹೊಸ ಕಾಲಂ ಇತ್ತು: "ಮಗುವೊಂದಕ್ಕೆ, ವರ್ಷಕ್ಕೆ". ಕೊಳ್ಳುವ ಶಕ್ತಿಗೆ ಹೊಂದಿಸುವುದನ್ನು ಮರೆತಿದ್ದರು. ತಿದ್ದಿ ವಾಪಸು ಕಳಿಸಿದೆ.