ಪಾಲಿನ ಕೇಸು ಗೆದ್ದಿದ್ದೇನೆ, ಅಣ್ಣ ತೋಟ ಬಿಡ್ತಿಲ್ಲ. ಏನು ಮಾಡೋದು?

ಪ್ರಶ್ನೆ: ಅಪ್ಪನ ಆಸ್ತಿಯಲ್ಲಿ ನನಗೆ ಮೂರನೇ ಒಂದು ಪಾಲು ಅಂತ ಕೋರ್ಟ್ ಹೇಳಿ ವರ್ಷಗಳೇ ಆದವು. ಅಣ್ಣ ತೋಟದೊಳಗೆ ಕಾಲಿಡೋಕೂ ಬಿಡ್ತಿಲ್ಲ. ಪೊಲೀಸರು 'ಇದು ಸಿವಿಲ್ ಮ್ಯಾಟರ್' ಅಂತ ವಾಪಸ್ ಕಳಿಸಿದರು. ಕೋರ್ಟ್ ಆದೇಶ ಮೀರಿದ ಹಾಗೆ ಅಲ್ವಾ ಇದು?

ಉತ್ತರ: ಬೇಜಾರಾಗಬಹುದು, ಆದರೆ ಬಹುಶಃ ಇನ್ನೂ ಅಲ್ಲ. ನಿಮ್ಮ ಕೈಯಲ್ಲಿರೋದು ಪ್ರಿಲಿಮಿನರಿ ಡಿಕ್ರಿ ಇರಬೇಕು, ಕಾಪಿ ತೆಗೆದು ನೋಡಿ. ಅದು ಯಾರಿಗೆ ಎಷ್ಟು ಅಂತ ಹೇಳುತ್ತದೆ ಅಷ್ಟೇ. ಬಾವಿ ಇರುವ ಕಡೆ ಯಾರಿಗೆ, ರಸ್ತೆ ಪಕ್ಕದ್ದು ಯಾರಿಗೆ ಅನ್ನೋದು ಅದರಲ್ಲಿ ಇರೋದಿಲ್ಲ. 'ಯಾವ ಗುಂಟೆ ಬಿಡಲಿ?' ಅಂತ ಅಣ್ಣ ಕೇಳಿದರೆ, ಆ ಮಾತಲ್ಲಿ ಕಾನೂನಿನ ಮಟ್ಟಿಗೆ ಹುರುಳಿದೆ.

ಹಾಗಾಗಿ ಮುಂದಿನ ಹೆಜ್ಜೆ ಎಫ್‌ಡಿಪಿ, ಅಂದರೆ ಯಾವ ಜಾಗ ಯಾರಿಗೆ ಅಂತ ಗುರುತಿಸಿ ಕೊಡುವ ಫೈನಲ್ ಡಿಕ್ರಿಗೆ ಅರ್ಜಿ. ತಡವಾಯಿತು ಅಂತ ಹೆದರಬೇಡಿ, ಇದಕ್ಕೆ ಕಾಲಮಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಪಕ್ಷಗಾರರು ಅರ್ಜಿ ಹಾಕಲಿ ಅಂತ ಕಾಯದೆ ಕೋರ್ಟೇ ಫೈನಲ್ ಡಿಕ್ರಿಯ ಕೆಲಸ ಮುಂದುವರಿಸಬೇಕು ಅಂತ 2022ರಲ್ಲಿ ಇನ್ನೊಂದು ತೀರ್ಪೂ ಬಂತು. ಆದರೂ ನೀವೇ ಅರ್ಜಿ ಹಾಕಿಸಿ, ಸುಮ್ನೆ ಕಾಯಬೇಡಿ.

ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ, ಪಾಲು ಮಾಡೋಕೆ ಬೇರೆ ಕಡೆ ಜಿಲ್ಲಾಧಿಕಾರಿಗೆ ಕಳಿಸುತ್ತಾರೆ. ಆದರೆ ಕರ್ನಾಟಕ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 54ನೇ ಸೆಕ್ಷನ್ ಅನ್ನೇ ಬದಲಿಸಿಕೊಂಡಿದೆ: ಇಲ್ಲಿ ಪಾಲು ಮಾಡೋದು ಕೋರ್ಟ್. ಬೇಕಾದರೆ ತಹಶೀಲ್ದಾರ್ ದರ್ಜೆಗೆ ಕಡಿಮೆ ಇಲ್ಲದ ಕಂದಾಯ ಅಧಿಕಾರಿಯಿಂದಲೋ ತಾನೇ ನೇಮಿಸಿದ ಕಮಿಷನರ್‌ರಿಂದಲೋ ವರದಿ ತರಿಸಿಕೊಳ್ಳುತ್ತದೆ. ಅಳತೆಯ ದಿನ ನೀವು ಸ್ಥಳದಲ್ಲಿರಿ. ಬಾವಿ, ಬೋರ್‌ವೆಲ್, ದಾರಿ, ಫಲ ಕೊಡುವ ಮರ ಎಲ್ಲವೂ ನಕ್ಷೆಯಲ್ಲಿ ಬಂದಿದೆಯಾ ನೋಡಿ, ಬರದಿದ್ದರೆ ಆಕ್ಷೇಪಣೆ ಹಾಕಿ, ಯಾಕಂದರೆ ಜಾಸ್ತಿ ಅನ್ಯಾಯ ಆಗೋದು ವಿಸ್ತೀರ್ಣದಲ್ಲಲ್ಲ, ನೀರಲ್ಲಿ ಮತ್ತು ದಾರಿಯಲ್ಲಿ. ಇಷ್ಟು ದಿನ ಅಣ್ಣ ಒಬ್ಬರೇ ತಿಂದ ಫಸಲಿನ ಲೆಕ್ಕ ಕೇಳೋಕೂ ದಾರಿ ಇದೆ, ವಕೀಲರ ಹತ್ತಿರ ಮಾತಾಡಿ.

ಫೈನಲ್ ಡಿಕ್ರಿಯನ್ನು ಸ್ಟಾಂಪ್ ಪೇಪರ್ ಮೇಲೆ ಬರೆಸಬೇಕು, ಇಲ್ಲದಿದ್ದರೆ ಜಾರಿ ಆಗೋದಿಲ್ಲ. ಜಾರಿಗೆ 12 ವರ್ಷ ಸಮಯ ಇದೆ, ಆದರೆ ಆ ಲೆಕ್ಕ ಡಿಕ್ರಿಯ ತಾರೀಖಿನಿಂದಲೇ ಶುರು. ಸ್ಟಾಂಪ್ ಪೇಪರ್ ತಡವಾಗಿ ಕೊಟ್ಟರೆ ನಷ್ಟ ನಿಮಗೇ. ಆಮೇಲೂ ಅಣ್ಣ ಬಿಡದಿದ್ದರೆ ಎಕ್ಸಿಕ್ಯೂಷನ್, ಅಂದರೆ ಡಿಕ್ರಿ ಜಾರಿಗೆ ಅರ್ಜಿ ಹಾಕಿ. ಕೋರ್ಟ್ ಅಮೀನರು ಬಂದು ಸ್ವಾಧೀನ ಕೊಡಿಸುತ್ತಾರೆ.

ಈ ನಡುವೆ ಅಣ್ಣ ಜಮೀನು ಮಾರಿಬಿಟ್ಟರೆ? ಕೇಸು ನಡೆಯುವಾಗ ಮಾರಾಟಕ್ಕೆ ತಡೆಯಾಜ್ಞೆ ಸಿಕ್ಕಿದ್ದರೂ ಅದು ಈಗಲೂ ಇದೆ ಅಂದುಕೊಳ್ಳಬೇಡಿ, ಎಫ್‌ಡಿಪಿಯಲ್ಲಿ ಹೊಸದಾಗಿ ಕೇಳಿ. ಅದನ್ನು ಮೀರಿದರೆ ಆಗ ನಿಜವಾದ ಆದೇಶ ಉಲ್ಲಂಘನೆ: ಸಿಪಿಸಿ ಆರ್ಡರ್ 39, ರೂಲ್ 2ಎ ಪ್ರಕಾರ ಆಸ್ತಿ ಜಪ್ತಿ, 3 ತಿಂಗಳವರೆಗೆ ಸಿವಿಲ್ ಜೈಲು. ಇದಕ್ಕೂ ನೀವೇ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಬೇಕು, ಪೊಲೀಸರಲ್ಲಲ್ಲ. ಕ್ರಯಪತ್ರ ಆಗಿಹೋಗಿದ್ದರೂ ಗಾಬರಿ ಬೇಡ. ಫೈನಲ್ ಡಿಕ್ರಿ ಜಾರಿ ಆಗುವವರೆಗೂ ಕೇಸು ಬಾಕಿ ಇದ್ದಂತೆಯೇ ಲೆಕ್ಕ, ಕೊಂಡವರೂ ಅದರ ತೀರ್ಪಿಗೆ ಕಟ್ಟುಬಿದ್ದವರು. ಅವರನ್ನೂ ಎಫ್‌ಡಿಪಿಯಲ್ಲಿ ಪಾರ್ಟಿ ಮಾಡಿಸಿ.