ಗುಮ್ಮಟ ಬಿಟ್ಟು ಮನೆಯಂಗಳಕ್ಕೆ ಬಂದ ಕ್ಯಾಮೆರಾ

ಕಲಬುರಗಿ ಕೋಟೆಯ ಜಾಮಿ ಮಸೀದಿ, ಬೀದರಿನ ಮಹಮೂದ್ ಗವಾನ್ ಮದರಸಾ: ನೂರು ವರ್ಷಕ್ಕೂ ಹಳೆಯ ಚಿತ್ರ ಬೇಕೆಂದರೆ ಇಂಥವುಗಳದ್ದು ಸಿಗುತ್ತದೆ. ಅದೇ ಕಾಲದ ಆಳಂದದ ಸಂತೆಯದ್ದೋ, ಶಹಾಪುರದ ಅಗಸಿಯದ್ದೋ, ಚಿಂಚೋಳಿಯ ಮಾಳಿಗೆ ಮನೆಯದ್ದೋ ಕೇಳಿದರೆ ತಡಕಾಡಬೇಕಾಗುತ್ತದೆ. ಕ್ಯಾಮೆರಾಕ್ಕೆ ದುಡ್ಡು ಹಾಕಿದವರಿಗೆ ಬೇಕಿದ್ದದ್ದು ಸ್ಮಾರಕ, ಊರಲ್ಲ.

ಕಟ್ಟಡಗಳ ಚಿತ್ರ ತೆಗೆಸುವ ಮೊದಲ ಸುತ್ತಿನಲ್ಲಿ ಕಲಬುರಗಿ–ಬೀದರ್ ಭಾಗ ಹೊರಗೇ ಉಳಿಯಿತು. ಧಾರವಾಡ ಮತ್ತು ಮೈಸೂರು ಸೀಮೆಯ ಕಟ್ಟಡಗಳ ಛಾಯಾಚಿತ್ರ ಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಚರಿತ್ರೆಯ ಭಾಗ ಬರೆದುಕೊಟ್ಟವರು ಮೆಡೋಸ್ ಟೇಲರ್. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು ಅಲ್ಲಿಯೇ ಬಂಗಲೆ ಕಟ್ಟಿಸಿಕೊಂಡಿದ್ದವರು! ಆದರೆ ಸುರಪುರ, ಬೀದರ್ ಎಲ್ಲವೂ ಆಗ ನಿಜಾಮರ ಸೀಮೆ. ಮುಂಬೈ ಸರ್ಕಾರದ ಕ್ಯಾಮೆರಾಕ್ಕೆ ಇತ್ತ ಕೆಲಸವಿರಲಿಲ್ಲ.

1871ರಲ್ಲಿ ಸೊಲ್ಲಾಪುರದಿಂದ ಕಲಬುರಗಿ, ಯಾದಗಿರಿ ಹಾದು ರಾಯಚೂರಿಗೆ ರೈಲು ಓಡಿತು. ಆಗ ಚಿತ್ರ ಮೂಡಿಸುತ್ತಿದ್ದ ಗಾಜಿನ ಪ್ಲೇಟುಗಳ ಭಾರದ ಪೆಟ್ಟಿಗೆ ಹೊತ್ತು ತಿರುಗುವವರಿಗೆ ಅದು ದೊಡ್ಡ ಅನುಕೂಲ. ಜೇಮ್ಸ್ ಬರ್ಜೆಸ್ ಅವರ ಬೀದರ್–ಔರಂಗಾಬಾದ್ ಪುರಾತತ್ವ ವರದಿ 1878ರಲ್ಲಿ ಹೊರಬಂತು. 1880ರ ದಶಕದಲ್ಲಿ ನಿಜಾಮರ ಆಸ್ಥಾನ ಛಾಯಾಗ್ರಾಹಕರಾದ ಲಾಲಾ ದೀನ್ ದಯಾಳ್ ಇಲ್ಲಿನ ಸ್ಮಾರಕಗಳನ್ನೂ ಸೆರೆಹಿಡಿದರು. 1914ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಪುರಾತತ್ವ ಇಲಾಖೆ ಬಂತು. ಅದರ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥ ಇಂದಿಗೂ ಆ ಊರಿನ ಕಟ್ಟಡಗಳಿಗೆ ಮೊದಲ ಆಕರ.

ಈ ಚಿತ್ರಗಳಲ್ಲಿ ಜನ ಇಲ್ಲವೇ? ಇದ್ದಾರೆ, ಕಟ್ಟಡದ ಎತ್ತರ ತೋರಿಸುವ ಅಳತೆಗೋಲಾಗಿ. ಕಮಾನಿನ ಬುಡದಲ್ಲಿ ಒಬ್ಬನನ್ನು ಅಲುಗಾಡದಂತೆ ನಿಲ್ಲಿಸುವುದು ಅಂದಿನ ರೂಢಿ. ನಡೆದಾಡುವವರು ನಿಧಾನದ ಪ್ಲೇಟಿನಲ್ಲಿ ಮಸುಕಾಗಿ ಕರಗಿಹೋಗುತ್ತಿದ್ದರು. ಹಾಗಾಗಿ ಹಳೆಯ ಊರನ್ನು ಹುಡುಕುವವರು ಚಿತ್ರದ ನಡುವನ್ನು ಬಿಟ್ಟು ಅಂಚನ್ನು ನೋಡಬೇಕು. ಕಲಬುರಗಿ ಕೋಟೆಯೊಳಗೇ ಜನ ಮನೆ ಮಾಡಿಕೊಂಡು ಬದುಕಿದವರು, ಅಂಥ ಮನೆ ಸಿಕ್ಕರೆ ಸ್ಮಾರಕದ ಚಿತ್ರದ ಅಂಚಿನಲ್ಲೇ ಸಿಗಬೇಕು.

ಮನೆಯ ಚಿತ್ರ ಸಿಗುವುದು ಮನೆಗಳಲ್ಲಿಯೇ. ಸ್ಟುಡಿಯೋ ಚಿತ್ರಗಳು ಈ ವಿಷಯದಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ: ಹಿಂದೆ ಬಣ್ಣದ ಪರದೆ, ಮುಂದೆ ಕುರ್ಚಿ, ಕೈಗಡಿಯಾರ ಕಾಣುವಂತೆ ತಿರುಗಿಸಿದ ಮುಂಗೈ. ಊರು ಯಾವುದೆಂದೇ ತಿಳಿಯದು. ನನ್ನ ದೃಷ್ಟಿಯಲ್ಲಿ ನಿಜವಾದ ಆಕರ ಸಾವಿನ ಫೋಟೋ. ಲಿಂಗಾಯತರ ಮನೆಗಳಲ್ಲಿ ತೀರಿಹೋದ ಹಿರಿಯರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ಕುಳಿತು ತೆಗೆಸಿಕೊಳ್ಳುತ್ತಿದ್ದ ಚಿತ್ರ ಅದು. ಆ ದಿನ ಸ್ಟುಡಿಯೋಕ್ಕೆ ಹೋಗುವಂತಿಲ್ಲ, ಫೋಟೋದವರೇ ಮನೆಗೆ ಬರಬೇಕು. ಬೆಳಕು ಬೇಕೆಂದು ಕಟ್ಟೆಗೋ ಅಂಗಳಕ್ಕೋ ತಂದು ಕೂರಿಸುತ್ತಿದ್ದರು. ಹಾಗಾಗಿ ಶಹಾಬಾದ್ ಕಲ್ಲಿನ ಹಾಸು, ಕೆತ್ತನೆಯ ಬಾಗಿಲು, ಗೋಡೆಯಲ್ಲಿನ ದೀಪದ ಗೂಡು, ಪಡಸಾಲೆಯ ಕಂಬ, ಮಣ್ಣಿನ ಮಾಳಿಗೆ ಹೊತ್ತ ಜಂತಿ ಎಲ್ಲವೂ ಯಾರೂ ಬಯಸದೆಯೇ ದಾಖಲಾದವು. ಮನೆಯವರು ಅದನ್ನು ತೋರಿಸಲು ಹಿಂಜರಿಯುತ್ತಾರೆ, ಅದು ಸಹಜ.

1961ರ ಜನಗಣತಿಯ ಜೊತೆ ದೇಶದುದ್ದಕ್ಕೂ ನಡೆದ ಗ್ರಾಮ ಸಮೀಕ್ಷೆಗಳಲ್ಲಿ ಮನೆ, ಉಡುಪು, ಒಕ್ಕಲುತನದ ಸಾಮಾನುಗಳೂ ಸರ್ಕಾರಿ ಕ್ಯಾಮೆರಾಕ್ಕೆ ಲಾಯಕ್ಕಾದವು.

1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಚಿತ್ರಗಳು ಸೇರಲಿಲ್ಲ. ಅವುಗಳಿಗಾಗಿ ಇಂದಿಗೂ ಹೈದರಾಬಾದ್, ದೆಹಲಿ, ಲಂಡನ್ ಕಡೆ ಮುಖ ಮಾಡಬೇಕು. ಮನೆಗಳಲ್ಲಿ ಇರುವುದಾದರೂ ಹಳೆಯ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ರದ್ದಿಗೆ ಹೋಗುತ್ತಿದೆ. ಮೊಬೈಲಿನಲ್ಲಿ ನಕಲು ತೆಗೆದುಕೊಳ್ಳುವವರು ಮುಂಭಾಗವನ್ನಷ್ಟೇ ತೆಗೆಯುತ್ತಾರೆ. ಹಿಂಬದಿಯನ್ನೂ ತೆಗೆಯಬೇಕು, ಸ್ಟುಡಿಯೋದ ಮುದ್ರೆ, ಪೆನ್ಸಿಲಿನ ಬರಹ ಇರುವುದು ಅಲ್ಲಿ. ನಿಜಾಮರ ಕಾಲದ ಬರಹದಲ್ಲಿ ವರ್ಷ ಫಸಲಿಯಲ್ಲಿದ್ದರೆ (ಅವರ ಆಡಳಿತದಲ್ಲಿ ಬಳಕೆಯಲ್ಲಿದ್ದ ವರ್ಷದ ಲೆಕ್ಕ) 590 ಕೂಡಿಸಿಕೊಳ್ಳಿ: 1350 ಎಂದಿದ್ದರೆ ಅದು 1940–41.