ಹುಳು ತಿಂದ ಎಲೆಯನ್ನೂ ಬರೆಯಬೇಕು

ಗಿಡಮರಗಳ ಚಿತ್ರ ಬರೆಯುವುದು ನನ್ನ ವೃತ್ತಿ. ಒಮ್ಮೆ ಕೈಪಿಡಿಯೊಂದಕ್ಕೆ ನಿಂಬೆ ಗಿಡದ ಚಿತ್ರ ಬರೆದುಕೊಟ್ಟೆ. 'ಎಲೆಯ ಅಂಚು ಹರಿದಿದೆ, ಸರಿಮಾಡಿಕೊಡಿ' ಎಂದು ಪ್ರಕಾಶಕರು ಹಿಂದಕ್ಕೆ ಕಳಿಸಿದರು. ಅಂಚನ್ನು ತಿಂದ ಹುಳುವೂ ಅದೇ ಎಲೆಯ ಮೇಲಿತ್ತು. ಹಕ್ಕಿಯ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ತಿಂದ ಎಲೆಯನ್ನು ತಿಂದಂತೆಯೇ ಬರೆಯುವುದನ್ನು ನಾನು ಕಲಿತದ್ದು ಮರಿಯಾ ಸಿಬಿಲ್ಲಾ ಮೇರಿಯನ್ ಅವರ ಚಿತ್ರಗಳಿಂದ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಆಕೆ ಹದಿಮೂರರ ವಯಸ್ಸಿಗೇ ರೇಷ್ಮೆಹುಳು ಸಾಕಿ ಗಮನಿಸತೊಡಗಿದ್ದರು. ಹುಳುಗಳು ಕೊಳೆತ ವಸ್ತುವಿನಿಂದ ತಾವಾಗಿ ಹುಟ್ಟುತ್ತವೆಂದು ಬಹಳ ಜನ ನಂಬಿದ್ದ ಕಾಲವದು. 1699ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದರು. ಸಕ್ಕರೆಯ ಹೊರತು ಬೇರೇನನ್ನೋ ಹುಡುಕುತ್ತಾಳೆಂದು ಅಲ್ಲಿನ ಕಬ್ಬಿನ ತೋಟಗಳ ಮಾಲೀಕರು ನಕ್ಕರು. ಕಾಯಿಲೆಯಿಂದಾಗಿ ಎರಡೇ ವರ್ಷಕ್ಕೆ ಮರಳಬೇಕಾಯಿತು. ಆದರೂ 1705ರಲ್ಲಿ ಸುರಿನಾಮಿನ ಕೀಟಗಳ ಬಗ್ಗೆ ಅರವತ್ತು ಚಿತ್ರಫಲಕಗಳ ಅವರ ಗ್ರಂಥ ಆಮ್‌ಸ್ಟರ್‌ಡಾಮ್‌ನಲ್ಲಿ ಹೊರಬಂತು.

ಫಲಕದಿಂದ ಫಲಕಕ್ಕೆ ಅವರು ಮಾಡಿದ್ದು ಒಂದೇ ಕೆಲಸ: ಹುಳು, ಕೋಶ, ರೆಕ್ಕೆ ಬಂದ ಪತಂಗ ಮೂರನ್ನೂ ಅವು ತಿನ್ನುವ ಗಿಡದ ಮೇಲೆಯೇ ಕೂರಿಸಿದರು. ಯಾರು ಯಾರನ್ನು ತಿಂದು ಬದುಕುತ್ತಾರೆ ಎಂಬುದೇ ಚಿತ್ರದ ವಿಷಯವಾಯಿತು. ಜೀವಿಗಳ ಇಂಥ ನಂಟನ್ನು ಅಭ್ಯಸಿಸುವ ಶಾಸ್ತ್ರಕ್ಕೆ 'ಇಕಾಲಜಿ' ಎಂಬ ಪದ ಹುಟ್ಟಿದ್ದೇ ಬಹಳ ತಡವಾಗಿ, 1866ರಲ್ಲಿ! ಜೇಡವೊಂದು ಹಕ್ಕಿ ತಿನ್ನುವ ಅವರ ಚಿತ್ರವನ್ನು ಮುಂದಿನ ಪಂಡಿತರು ಕಟ್ಟುಕಥೆಯೆಂದು ತಳ್ಳಿಹಾಕಿದರು. ಇಂಗ್ಲಿಷ್ ನಿಸರ್ಗತಜ್ಞ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಅಂಥದ್ದನ್ನು ಕಂಡು ಬರೆದ ಮೇಲೆ ಆ ಆಕ್ಷೇಪ ಅಡಗಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಫಲಕ. ನಮ್ಮ ಮನೆಯಂಗಳಗಳಲ್ಲೂ ಬೆಳೆಯುವ ರತ್ನಗಂಧಿ ಗಿಡ ಅದರಲ್ಲಿದೆ. ಸುರಿನಾಮಿನಲ್ಲಿ ಗುಲಾಮಗಿರಿಯಲ್ಲಿದ್ದ ಹೆಂಗಸರು ತಮ್ಮ ಮಕ್ಕಳೂ ಗುಲಾಮರಾಗಬಾರದೆಂದು ಇದರ ಬೀಜ ತಿಂದು ಗರ್ಭ ತೆಗೆಸಿಕೊಳ್ಳುತ್ತಿದ್ದರೆಂದು, ಅದನ್ನು ಅವರೇ ತಮಗೆ ಹೇಳಿದರೆಂದು ಮೇರಿಯನ್ ದಾಖಲಿಸಿದ್ದಾರೆ. ಗಿಡದ ಜೊತೆ ಮನುಷ್ಯರ ಸಂಕಟವೂ ಆ ಪುಸ್ತಕ ಸೇರಿತು.

ಕ್ಯಾಮೆರಾ ಇರುವಾಗ ಕೈಯಲ್ಲಿ ಬರೆಯುವುದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಫೋಟೋ ಒಂದು ಕ್ಷಣವನ್ನು ಹಿಡಿಯುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗಿನ ಕೆಲವು ವಾರಗಳನ್ನು ಚಿತ್ರ ಒಂದೇ ಹಾಳೆಗೆ ತರುತ್ತದೆ. ಅದಕ್ಕೆ ಹುಳುವನ್ನು ಸಾಕಲೇಬೇಕು. ನಿಂಬೆ ಚಿಟ್ಟೆಯ ಮರಿ ಬಲಿತಾಗ ಹಿಕ್ಕೆಯ ವೇಷ ಕಳಚಿ ಎಲೆಹಸಿರಾಗುತ್ತದೆ. ಆಗ ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೋಡೊಂದು ಚಾಚಿಕೊಂಡು ಘಾಟು ವಾಸನೆ ಬೀರುತ್ತದೆ, ಕೆಲವೇ ಕ್ಷಣಗಳಲ್ಲಿ ಒಳಗೆ ಹೋಗುತ್ತದೆ. ಆ ಕೆಂಪನ್ನು ತಟ್ಟೆಯಲ್ಲಿ ಮೊದಲೇ ಕಲಸಿಟ್ಟುಕೊಂಡು, ಕುಂಚ ಹಿಡಿದ ಮೇಲೆಯೇ ನಾನು ಹುಳುವನ್ನು ಮುಟ್ಟುತ್ತೇನೆ.